ಕೇಳಿದ್ದೀರಿ, ಹೇಳಿದ್ದೇವೆ: ಯಂತ್ರಕ್ಕೆ ದಶಕ ಕಲಿಸಿದ್ದು

ಹಳೆಯ ಲೆಕ್ಕದ ಯಂತ್ರಗಳ ಬಗ್ಗೆ ಏನಾದರೂ ಕೇಳಿ ಎಂದು ಕಳೆದ ತಿಂಗಳು ಬರೆದಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ‘ಕಂಪ್ಯೂಟರನ್ನು ಮೊದಲು ಕಂಡುಹಿಡಿದವರು ಯಾರು’ ಎಂಬ ಒಂದೇ ಪ್ರಶ್ನೆಯ ಬೇರೆ ಬೇರೆ ವೇಷ. ಅದಕ್ಕೆ ಚುಟುಕಾಗಿ ಉತ್ತರಿಸಿ, ಕೈಗೆ ಕೆಲಸ ಕೊಡುವ ಪ್ರಶ್ನೆಗಳಿಗೆ ಜಾಗ ಉಳಿಸಿಕೊಂಡಿದ್ದೇವೆ.

ಪ್ರ: ಸಂಡೇ ಬಜಾರಿನಲ್ಲಿ ಹಿಡಿ ತಿರುಗಿಸುವ ಲೆಕ್ಕದ ಮಿಷನ್ ಒಂದು ಸಿಕ್ಕಿತು. ಮೇಲೆ ಸಾಲಾಗಿ ಸಣ್ಣ ಕಡ್ಡಿಗಳು, ಕೆಳಗೆ ಎಡಬಲಕ್ಕೆ ಜರುಗುವ ಪೆಟ್ಟಿಗೆ. ಹಿಡಿ ಅರ್ಧ ಸುತ್ತಿಗೆ ನಿಂತುಬಿಟ್ಟಿದೆ. ಇದೇನು, ಓಡಿಸುವುದು ಹೇಗೆ? (ಓದುಗರು, ಚಾಮರಾಜಪೇಟೆ)

ಉ: ಒಳ್ಳೆಯ ಬೇಟೆಯನ್ನೇ ಹೊಡೆದಿದ್ದೀರಿ. ನಿಮ್ಮ ವರ್ಣನೆ ಓಡ್ನರ್ ಮಾದರಿಗೆ ಹೊಂದುತ್ತದೆ. ಸ್ವೀಡನ್ನಿನ ಇಂಜಿನಿಯರ್ ವಿಲ್‌ಗಾಟ್ ಓಡ್ನರ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರೂಪಿಸಿ, 1890ರಲ್ಲಿ ತಾನೇ ತಯಾರಿಸತೊಡಗಿದ ಯಂತ್ರದ ಸಂತತಿ ಇದು. ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಬರುವವರೆಗೂ ಕಚೇರಿಗಳಲ್ಲಿ ಇದರ ಕಿರ್‌ಕಿರ್ ಕೇಳಿಸುತ್ತಿತ್ತು. ಒಂದೊಂದು ಕಡ್ಡಿಯ ಹಿಂದೆಯೂ ಒಂದೊಂದು ಚಕ್ರವಿದೆ. ಕಡ್ಡಿಯನ್ನು 7ಕ್ಕೆ ಎಳೆದರೆ ಆ ಚಕ್ರದಿಂದ ಏಳು ಹಲ್ಲು ಹೊರಗೆ ಚಾಚುತ್ತವೆ. ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ಆ ಹಲ್ಲುಗಳು ಕೆಳಗಿನ ಅಂಕಿಚಕ್ರವನ್ನು ಏಳು ಮನೆ ಮುಂದೆ ತಳ್ಳುತ್ತವೆ. ಕೂಡುವುದೆಂದರೆ ಇಷ್ಟೇ.

ಮೊದಲು ರಿಪೇರಿ. ಹಿಡಿ ಕೂತ ಜಾಗದಿಂದಲೇ ಏಳದಿದ್ದರೆ ಬೀಗ ಬಿದ್ದಿದೆ ಎಂದರ್ಥ: ಜರುಗುವ ಪೆಟ್ಟಿಗೆ ಎರಡು ಮನೆಗಳ ನಡುವೆ ನಿಂತಿರುತ್ತದೆ, ಇಲ್ಲವೇ ಅಂಕಿ ಅಳಿಸುವ ಚಿಟ್ಟೆಯಾಕಾರದ ಕಿವಿ ಪೂರ್ತಿ ಸುತ್ತು ಮುಗಿಸಿರುವುದಿಲ್ಲ. ಅವನ್ನು ಸರಿಯಾಗಿ ಕೂರಿಸಿದರೆ ಸಾಕು. ನಿಮ್ಮದು ನಡುದಾರಿಯಲ್ಲಿ ನಿಂತಿದೆ. ಹಳೆಯ ಎಣ್ಣೆ ಗೋಂದಾಗಿ ಒಳಗಿನ ಯಾವುದೋ ಸನ್ನೆ ಅಂಟಿಕೊಂಡಿರುವ ಸಂಭವವೇ ಹೆಚ್ಚು. ಜೋರು ಮಾಡಬೇಡಿ, ಹಲ್ಲು ಮುರಿದರೆ ಬದಲಿ ಸಿಗುವುದಿಲ್ಲ. ಮೇಲಿನ ತಗಡು ಬಿಚ್ಚಿ, ಪೇಂಟ್ ಅಂಗಡಿಯ ಟರ್ಪೆಂಟೈನನ್ನು ಸಣ್ಣ ಬ್ರಷ್‌ನಿಂದ ಸನ್ನೆಗಳ ಬುಡಕ್ಕೆ ಹಚ್ಚಿ ರಾತ್ರಿಯಿಡೀ ಬಿಡಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ, ಬಣ್ಣ ಬಳಿದ ಅಂಕಿಗಳಿಗೆ ತಾಗಿಸಬೇಡಿ. ಬೆಳಿಗ್ಗೆ ಹಿಡಿಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತಾ ಬಿಡಿಸಿ. ಒಣಗಿದ ಮೇಲೆ ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಒಂದೊಂದು ತೊಟ್ಟು, ಅದೂ ತಿರುಗುವ ಕೀಲುಗಳಿಗೆ ಮಾತ್ರ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಬಿಟ್ಟರೆ ಡಿಸೆಂಬರಿನ ಚಳಿಗೆ ಮತ್ತೆ ಇದೇ ಪ್ರಶ್ನೆ ಬರೆಯುತ್ತೀರಿ.

ಈಗ ಲೆಕ್ಕ. 347ನ್ನು 26ರಿಂದ ಗುಣಿಸಬೇಕೆನ್ನಿ. ಕಡ್ಡಿಗಳಲ್ಲಿ 347 ಇಟ್ಟು ಹಿಡಿಯನ್ನು ಮುಂದಕ್ಕೆ ಆರು ಸುತ್ತು ತಿರುಗಿಸಿ. ಪೆಟ್ಟಿಗೆಯನ್ನು ಒಂದು ಮನೆ ಬಲಕ್ಕೆ ಜರುಗಿಸಿ ಇನ್ನೆರಡು ಸುತ್ತು. ಎಂಟೇ ಸುತ್ತಿನಲ್ಲಿ 9,022. ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತದೆ. ಭಾಗಾಕಾರಕ್ಕೆ ಗಂಟೆಯ ಸಹಾಯ ಬೇಕು. 85ನ್ನು 6ರಿಂದ ಭಾಗಿಸುವಾಗ ಪೆಟ್ಟಿಗೆಯ 8ನ್ನು ಕಡ್ಡಿಯ 6ರ ಕೆಳಗೆ ತಂದು ಹಿಂದಕ್ಕೆ ತಿರುಗಿಸಿ. ಮೊದಲ ಸುತ್ತು ಸಲೀಸು, ಎರಡನೆಯದಕ್ಕೆ ಗಂಟೆ ಬಾರಿಸುತ್ತದೆ: ಇಲ್ಲದ್ದನ್ನು ಕಳೆದಿದ್ದೀರಿ ಎಂದು. ಒಂದು ಸುತ್ತು ಮುಂದಕ್ಕೆ ತಿರುಗಿಸಿ ಅದನ್ನು ವಾಪಸು ಕೊಡಿ, ಪೆಟ್ಟಿಗೆ ಜರುಗಿಸಿ. ಉಳಿದ 25ರಿಂದ ನಾಲ್ಕು ಸುತ್ತು ಹೋಗುತ್ತವೆ, ಐದನೆಯದಕ್ಕೆ ಮತ್ತೆ ಗಂಟೆ, ಮತ್ತೆ ವಾಪಸು. ಸುತ್ತು ಎಣಿಸುವ ಕಿಂಡಿಯಲ್ಲಿ 14, ಕೆಳಗೆ ಶೇಷ 1.

ಇದರಲ್ಲಿ ನಿಜವಾದ ಜಾಣತನವಿರುವುದು ದಶಕದಲ್ಲಿ. ‘ಎಂಟು ಏಳು ಹದಿನೈದು, ಐದು ಬರೆದು ಒಂದು ದಶಕ’ ಎಂದು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಆ ಒಂದನ್ನು ಪಕ್ಕದ ಮನೆಗೆ ದಾಟಿಸಲು ಯಂತ್ರದವರು ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಒದ್ದಾಡಿದ್ದಾರೆ. 99,999ಕ್ಕೆ 1 ಕೂಡಿಸಿ ನೋಡಿ: ಬಲತುದಿಯ ಚಕ್ರವೇ ಉಳಿದವನ್ನೆಲ್ಲ ಒಟ್ಟಿಗೆ ನೂಕಬೇಕಾದರೆ ಬಲ ಸಾಲದು, ಯಂತ್ರ ಕಚ್ಚಿಕೊಳ್ಳುತ್ತದೆ. 1642ರಲ್ಲಿ ಕೆಲಸ ಶುರುಮಾಡಿದ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್, ಚಕ್ರ ತಿರುಗುತ್ತಾ ಹೋದಂತೆ ಒಂದು ಭಾರವನ್ನು ಸ್ವಲ್ಪ ಸ್ವಲ್ಪವೇ ಎತ್ತಿ, 9 ದಾಟಿದೊಡನೆ ಬೀಳಿಸಿ, ಆ ಹೊಡೆತದಿಂದ ಮುಂದಿನ ಚಕ್ರವನ್ನು ಸರಿಸಿದ. ಬಲ ಸಾಲದೆಂಬ ತೊಂದರೆ ತಪ್ಪಿತು, ಆದರೆ ಚಕ್ರ ಹಿಂದಕ್ಕೆ ತಿರುಗದಂತಾಯಿತು. ಹಾಗಾಗಿ ಅದರಲ್ಲಿ ಕಳೆಯಬೇಕಾದರೆ ಒಂದೊಂದು ಅಂಕಿಯನ್ನೂ 9ರಿಂದ ಕಳೆದು ಬಂದ ಪೂರಕದ ಮೊರೆ ಹೋಗಬೇಕು. ನಿಮ್ಮ ಯಂತ್ರದಲ್ಲಿ ದಶಕದ ಹಲ್ಲುಗಳನ್ನು ಒಂದರ ಹಿಂದೊಂದು ಬರುವಂತೆ ಓರೆಯಾಗಿ ಕೂರಿಸಿದ್ದಾರೆ. ಬಿಡಿಯ ದಶಕ ಮುಗಿದ ಮೇಲೆ ಹತ್ತರದು, ಆಮೇಲೆ ನೂರರದು. ಆದ್ದರಿಂದಲೇ ಹಿಡಿಯನ್ನು ಪೂರ್ತಿ ಸುತ್ತು ಮುಗಿಸದೆ ಬಿಡಬಾರದು.

ಪ್ರ: ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ‘ಕಂಪ್ಯೂಟರ್ ಪಿತಾಮಹ’ ಎಂದು ಪಾಠ ಮಾಡುತ್ತಾ ಬಂದೆ. ಆದರೆ ಗಣಿತದ ಕೋಷ್ಟಕಗಳಿಗೆಂದು ಅವನು ರೂಪಿಸಿದ ಡಿಫರೆನ್ಸ್ ಇಂಜಿನ್ ಎಂಬ ಯಂತ್ರ ಗುಣಾಕಾರವನ್ನೇ ಮಾಡುವುದಿಲ್ಲವಂತೆ. ಮತ್ತೆ ಕೋಷ್ಟಕ ಹೇಗೆ ತಯಾರಿಸುತ್ತಿತ್ತು? (ನಿವೃತ್ತ ಗಣಿತ ಮೇಷ್ಟ್ರು, ಹನುಮಂತನಗರ)

ಉ: ಮೇಷ್ಟ್ರೇ, ಗುಣಾಕಾರ ಬೇಡ ಎಂಬುದೇ ಅದರ ಗುಟ್ಟು. ಬ್ಯಾಬೇಜ್ ತೋರಿಸುತ್ತಿದ್ದ ಉದಾಹರಣೆಯನ್ನೇ ಕಪ್ಪುಹಲಗೆಯ ಮೇಲೆ ಮಾಡಿಸಿ. ಸೂತ್ರ: ಕ×ಕ + ಕ + 41. ಕ = 0, 1, 2, 3, 4 ಆದಾಗ ಬೆಲೆಗಳು 41, 43, 47, 53, 61. ಇವುಗಳ ವ್ಯತ್ಯಾಸ 2, 4, 6, 8. ಆ ವ್ಯತ್ಯಾಸಗಳ ವ್ಯತ್ಯಾಸ ಎಲ್ಲೆಡೆ 2. ಈಗ ಮೂವರು ಹುಡುಗರನ್ನು ನಿಲ್ಲಿಸಿ ಒಂದೊಂದು ಸ್ಲೇಟು ಕೊಡಿ. ಮೊದಲನೆಯವನದು 41, ಎರಡನೆಯವನದು 2, ಮೂರನೆಯವನದು 2. ನೀವು ಚಪ್ಪಾಳೆ ತಟ್ಟಿದಾಗ ಮೊದಲನೆಯವನು ಎರಡನೆಯವನ ಸಂಖ್ಯೆಯನ್ನು ತನ್ನದಕ್ಕೆ ಕೂಡಿಕೊಳ್ಳಬೇಕು. ಅದಾದ ಮೇಲೆ ಎರಡನೆಯವನು ಮೂರನೆಯವನ ಸಂಖ್ಯೆಯನ್ನು ಕೂಡಿಕೊಳ್ಳಬೇಕು. ಮೂರನೆಯವನು ಸುಮ್ಮನೆ ನಿಂತರಾಯಿತು. ಹತ್ತನೇ ಚಪ್ಪಾಳೆಗೆ ಮೊದಲ ಸ್ಲೇಟಿನಲ್ಲಿ 151 ಇರಬೇಕು. ಸೂತ್ರಕ್ಕೆ ಹಾಕಿ ನೋಡಿ, 100 + 10 + 41. ಮಜಾ ಬೇಕಾದರೆ 39ರವರೆಗೂ ಮುಂದುವರಿಸಿ, ಬರುವುದೆಲ್ಲ ಅವಿಭಾಜ್ಯ ಸಂಖ್ಯೆ; 40ಕ್ಕೆ ಮುರಿದುಬೀಳುತ್ತದೆ, ಅದು 41×41.

ಎಲ್ಲಿ ತಪ್ಪುತ್ತಾರೆ ಎಂಬುದೂ ಪಾಠವೇ. ಎರಡನೆಯವನು ಅವಸರಪಟ್ಟು ಮೊದಲೇ ಕೂಡಿಕೊಂಡರೆ ಮೊದಲ ಉತ್ತರವೇ 43ರ ಬದಲು 45. ಮೂರನೆಯವನ ಸ್ಲೇಟಿನಲ್ಲಿ 2ರ ಬದಲು 3 ಬರೆದಿದ್ದರೆ ಹತ್ತು ಚಪ್ಪಾಳೆಗೆ ಉತ್ತರ 45ರಷ್ಟು ಹೆಚ್ಚಾಗಿರುತ್ತದೆ. ಕೆಳಗಿನ ಮನೆಯ ಸಣ್ಣ ತಪ್ಪು ಮೇಲೆ ಬರುವಷ್ಟರಲ್ಲಿ ಹೆಮ್ಮರ. ಅದಕ್ಕೇ ಬ್ಯಾಬೇಜ್ ಚಕ್ರಗಳಿಗೆ ಬೀಗಗಳನ್ನಿಟ್ಟ: ಚಕ್ರ ಅರೆಬರೆ ಸರಿದು ಎರಡು ಅಂಕಿಗಳ ನಡುವೆ ನಿಂತರೆ ಯಂತ್ರವೇ ಕಚ್ಚಿಕೊಳ್ಳಬೇಕು, ಸುಳ್ಳು ಉತ್ತರ ಮಾತ್ರ ಹೊರಬರಕೂಡದು. ಕೈಬರಹ ನೋಡಿ ಅಚ್ಚುಮೊಳೆ ಜೋಡಿಸುವಾಗ ನುಸುಳುವ ತಪ್ಪು ತಪ್ಪಿಸಲು ಮುದ್ರಣದ ಅಚ್ಚನ್ನೂ ಯಂತ್ರವೇ ಒತ್ತಬೇಕೆಂದು ಹಟ ಹಿಡಿದ. ಲಾಗರಿದಮ್ಮು, ಸೈನುಗಳನ್ನು ತುಂಡು ತುಂಡಾಗಿ ಇಂಥ ಸೂತ್ರಗಳಿಗೆ ಹೊಂದಿಸಿಕೊಂಡರೆ ಇದೇ ವಿಧಾನ ಸಾಕು.

ಬ್ರಿಟಿಷ್ ಸರ್ಕಾರ 1823ರಿಂದ ಹಣ ಕೊಟ್ಟು, 1842ರಲ್ಲಿ ಕೈತೊಳೆದುಕೊಳ್ಳುವಷ್ಟರಲ್ಲಿ ಸುಮಾರು 17,000 ಪೌಂಡ್ ಸುರಿದಿತ್ತು. ಕೈಗೆ ಬಂದದ್ದು 1832ರಲ್ಲಿ ಜೋಡಿಸಿದ ಒಂದು ತುಣುಕು. ಯಂತ್ರ ಕಟ್ಟುತ್ತಿದ್ದ ಜೋಸೆಫ್ ಕ್ಲೆಮೆಂಟನಿಗೂ ಬ್ಯಾಬೇಜನಿಗೂ ಹಣದ ವಿಚಾರಕ್ಕೆ ಜಗಳವಾಗಿ 1833ರಲ್ಲಿ ಕೆಲಸ ನಿಂತಿತು. ‘ಆ ಕಾಲದಲ್ಲಿ ಅಷ್ಟು ನಿಖರವಾಗಿ ಬಿಡಿಭಾಗ ಮಾಡಲಾಗುತ್ತಿರಲಿಲ್ಲ’ ಎಂದು ಪುಸ್ತಕಗಳು ಹೇಳುವುದನ್ನು ನಾವು ಒಪ್ಪುವುದಿಲ್ಲ. ಬ್ಯಾಬೇಜ್ 1847-49ರಲ್ಲಿ ಬರೆದಿಟ್ಟ ಎರಡನೇ ಇಂಜಿನ್ನಿನ ನಕ್ಷೆಯನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂ 1991ರಲ್ಲಿ, ಆ ಕಾಲಕ್ಕೆ ಸಾಧ್ಯವಿದ್ದ ನಿಖರತೆಗೇ ಕಟ್ಟುಬಿದ್ದು ನಿರ್ಮಿಸಿತು; 2002ರಲ್ಲಿ ಮುದ್ರಣ ಭಾಗವೂ ಮುಗಿಯಿತು. ಒಟ್ಟು 8,000 ಬಿಡಿಭಾಗ, 31 ಅಂಕಿಯ ಸಂಖ್ಯೆ, ಏಳನೇ ವ್ಯತ್ಯಾಸದವರೆಗೆ ಲೆಕ್ಕ. ಕೆಲಸ ಮಾಡುತ್ತದೆ. ಇನ್ನೊಂದು ಮಾತು: ಸ್ವೀಡನ್ನಿನ ಶೊಯಿಟ್ಸ್ ತಂದೆಮಗ ಬ್ಯಾಬೇಜನ ವಿಚಾರ ಓದಿಕೊಂಡು 1853ರಲ್ಲೇ ಇಂಥದ್ದೊಂದನ್ನು ಕಟ್ಟಿ ಮುಗಿಸಿ ಅಮೆರಿಕದ ವೀಕ್ಷಣಾಲಯಕ್ಕೆ ಮಾರಿದ್ದರು. ಪಿತಾಮಹನ ಪಟ್ಟದ ಗದ್ದಲದಲ್ಲಿ ಅವರ ಹೆಸರು ಯಾರೂ ಎತ್ತುವುದಿಲ್ಲ.

ಪ್ರ: ನಮ್ಮದು ನೇಯ್ಗೆಯ ಮನೆತನ. ‘ನಿಮ್ಮ ಜಾಕಾರ್ಡ್ ಮಗ್ಗವೇ ಮೊದಲ ಕಂಪ್ಯೂಟರ್’ ಎಂದು ಮೊಮ್ಮಗ ಹೇಳುತ್ತಾನೆ. ನಿಜವೆ? (ಓದುಗರು, ಕಬ್ಬನ್‌ಪೇಟೆ)

ಉ: ಮುಕ್ಕಾಲು ನಿಜ, ಯಜಮಾನರೇ. ರಟ್ಟಿನಲ್ಲಿ ತೂತಿದ್ದರೆ ಸೂಜಿ ಒಳಹೋಗುತ್ತದೆ, ಅದರ ಕೊಕ್ಕೆ ಇದ್ದಲ್ಲೇ ಇದ್ದು ಮೇಲೇಳುವ ಪಟ್ಟಿಗೆ ಸಿಕ್ಕಿ ಹಾಸಿನ ಎಳೆಯನ್ನು ಎತ್ತುತ್ತದೆ. ತೂತಿಲ್ಲದ ಕಡೆ ರಟ್ಟು ಸೂಜಿಯನ್ನು ಹಿಂದೆ ತಳ್ಳುತ್ತದೆ, ಕೊಕ್ಕೆ ಪಟ್ಟಿಯಿಂದ ತಪ್ಪಿಸಿಕೊಂಡು ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಒಮ್ಮೆ ಹಾಯುವುದಕ್ಕೆ ಒಂದು ಕಾರ್ಡು. ಇದೆಲ್ಲ ನಿಮಗೆ ನಾವು ಹೇಳಬೇಕಾದ್ದಲ್ಲ. ಫ್ರಾನ್ಸಿನ ಲಿಯಾನ್ ಊರಿನ ಜಾಕಾರ್ಡ್ 1804-05ರ ಹೊತ್ತಿಗೆ ಇದನ್ನು ಹದಕ್ಕೆ ತಂದ. ರಂಧ್ರದ ಉಪಾಯ ಅವನಿಗಿಂತ ಎಂಬತ್ತು ವರ್ಷ ಹಳೆಯದು. 1725ರಲ್ಲಿ ಬೂಶೋನ್ ಕಾಗದದ ಸುರುಳಿ ಬಳಸಿದ್ದ, ಅವನ ಸಂಗಡಿಗ ಫಾಲ್ಕೋನ್ ಬಿಡಿ ಕಾರ್ಡುಗಳನ್ನು ಪೋಣಿಸಿದ. ಜಾಕಾರ್ಡನ ಚಿತ್ರವನ್ನೇ ರೇಷ್ಮೆಯಲ್ಲಿ ನೇಯಲು ಸುಮಾರು 24,000 ಕಾರ್ಡು ಬಳಸಿದ್ದರು. ಅದರ ಒಂದು ಪ್ರತಿ ಬ್ಯಾಬೇಜನ ಮನೆಯಲ್ಲಿತ್ತು.

ಉಳಿದ ಕಾಲು ಭಾಗ ಇಲ್ಲಿದೆ. ಮಗ್ಗ ತಾನು ನೇಯ್ದದ್ದನ್ನು ತಿರುಗಿ ನೋಡುವುದಿಲ್ಲ. ಕಾರ್ಡಿನ ಮಾಲೆ ಸುತ್ತಿ ಬಂದಂತೆ ಸೆರಗೋ ಅಂಚೋ ಮೂಡುತ್ತದೆ. ಬ್ಯಾಬೇಜ್ 1834ರಿಂದ ಯೋಚಿಸತೊಡಗಿದ ಅನಲಿಟಿಕಲ್ ಇಂಜಿನ್ನಿನಲ್ಲಿ ಲೆಕ್ಕದ ಭಾಗಕ್ಕೆ ‘ಗಿರಣಿ’, ಸಂಖ್ಯೆ ಇಡುವ ಭಾಗಕ್ಕೆ ‘ಉಗ್ರಾಣ’ ಎಂಬ ಅರ್ಥದ ಹೆಸರುಗಳಿದ್ದವು. ಯಾವ ಕ್ರಿಯೆ ಎಂದು ಹೇಳುವ ಕಾರ್ಡು ಬೇರೆ, ಉಗ್ರಾಣದ ಯಾವ ಮನೆಯಿಂದ ಎಂದು ಹೇಳುವ ಕಾರ್ಡು ಬೇರೆ. ಬಂದ ಉತ್ತರ ನೋಡಿಕೊಂಡು ಮಾಲೆಯನ್ನು ಹಿಂದಕ್ಕೋ ಮುಂದಕ್ಕೋ ಸರಿಸುವ ಏರ್ಪಾಡು ಇತ್ತು. ‘ಹೀಗಾದರೆ ಹಾಗೆ ಮಾಡು’ ಎಂಬ ಈ ತಿರುವು ಮಗ್ಗದಲ್ಲಿಲ್ಲ. ಆ ಇಂಜಿನ್ ನಕ್ಷೆಯಲ್ಲೇ ಉಳಿಯಿತು.

ಕಾರ್ಡು ನಿಜಕ್ಕೂ ಅನ್ನ ಸಂಪಾದಿಸಿದ್ದು ಅಮೆರಿಕದ 1890ರ ಜನಗಣತಿಯಲ್ಲಿ. ಹರ್ಮನ್ ಹಾಲರಿತ್ ಒಬ್ಬೊಬ್ಬ ವ್ಯಕ್ತಿಗೂ ಒಂದು ಕಾರ್ಡು ಮಾಡಿಸಿದ. ಕಾರ್ಡಿನ ಮೇಲೆ ಸ್ಪ್ರಿಂಗಿನ ಮೊಳೆಗಳ ಹಲಗೆಯನ್ನು ಒತ್ತಿದರೆ ತೂತಿದ್ದಲ್ಲಿ ಮೊಳೆ ಇಳಿದು ಕೆಳಗಿನ ಪಾದರಸದ ಬಟ್ಟಲು ಮುಟ್ಟುತ್ತಿತ್ತು. ವಿದ್ಯುತ್ ಹರಿದು ಗಡಿಯಾರದಂಥ ಮುಖದ ಮುಳ್ಳು ಒಂದು ಮನೆ ಸರಿಯುತ್ತಿತ್ತು. ಅವನ ಕಂಪನಿ ಬೇರೆ ಕಂಪನಿಗಳ ಜೊತೆ 1911ರಲ್ಲಿ ಸೇರಿ, 1924ರಲ್ಲಿ ಐಬಿಎಂ ಎಂದು ಹೆಸರು ಬದಲಿಸಿತು.

ಪ್ರ: ಆಡಾ ಲವ್‌ಲೇಸ್ ಬರೆದ ಮೊದಲ ಪ್ರೋಗ್ರಾಂ ಈಗ ಓಡಿಸಿದರೆ ಸರಿ ಉತ್ತರ ಬರುತ್ತದೆಯೆ? (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಬನಶಂಕರಿ)

ಉ: ಅಚ್ಚಾದಂತೆ ಟೈಪ್ ಮಾಡಿದರೆ ಬರುವುದಿಲ್ಲ. ಇಟಲಿಯ ಮೆನಾಬ್ರಿಯಾ ಅನಲಿಟಿಕಲ್ ಇಂಜಿನ್ ಬಗ್ಗೆ ಫ್ರೆಂಚಿನಲ್ಲಿ ಬರೆದ ಲೇಖನವನ್ನು ಆಡಾ 1843ರಲ್ಲಿ ಇಂಗ್ಲಿಷಿಗೆ ತಂದು, ಮೂಲಕ್ಕಿಂತ ಉದ್ದದ ಟಿಪ್ಪಣಿಗಳನ್ನು ಸೇರಿಸಿದರು. ಕೊನೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆ ಕಂಡುಹಿಡಿಯುವ 25 ಹೆಜ್ಜೆಯ ಕೋಷ್ಟಕವಿದೆ. ನಾಲ್ಕನೇ ಹೆಜ್ಜೆಯಲ್ಲಿ 7ನ್ನು 9ರಿಂದ ಭಾಗಿಸಬೇಕು. ಅಚ್ಚಾಗಿರುವುದು ಐದನೇ ಮನೆಯನ್ನು ನಾಲ್ಕನೇ ಮನೆಯಿಂದ ಭಾಗಿಸು ಎಂದು, ಅಂದರೆ 9ನ್ನು 7ರಿಂದ. ಪಕ್ಕದ ಫಲಿತಾಂಶದ ಅಂಕಣದಲ್ಲಿ ಮಾತ್ರ ಸರಿಯಾದ ಭಿನ್ನರಾಶಿಯೇ ಇದೆ. ಹಾಗಾಗಿ ಕೈತಪ್ಪೋ ಅಚ್ಚಿನ ತಪ್ಪೋ ಇರಬೇಕು, ತಿಳಿವಳಿಕೆಯ ತಪ್ಪಲ್ಲ.

‘ಮೊದಲ ಪ್ರೋಗ್ರಾಮರ್’ ಎಂಬ ಬಿರುದಿನ ಬಗ್ಗೆ ನಮಗೆ ಅನುಮಾನವಿದೆ. ಇಂಥ ಹೆಜ್ಜೆಪಟ್ಟಿಗಳನ್ನು ಬ್ಯಾಬೇಜ್ ತಾನೇ ಅದಕ್ಕೂ ಮೊದಲು ಬರೆದಿಟ್ಟಿದ್ದ. ಆಡಾ ಅವನಿಗಿಂತ ಮುಂದೆ ಕಂಡದ್ದು ಬೇರೆ: ಸ್ವರಗಳ ನಡುವಿನ ಸಂಬಂಧವನ್ನು ನಿಯಮವಾಗಿ ಬರೆಯಬಹುದಾದರೆ ಈ ಯಂತ್ರ ಸಂಗೀತವನ್ನೂ ಹೊಸೆಯಬಹುದು, ಯಾಕೆಂದರೆ ಅದು ಆಡಿಸುವುದು ಚಿಹ್ನೆಗಳನ್ನು, ಬರೀ ಅಂಕಿಗಳನ್ನಲ್ಲ. ಆ ಮಾತು ಬ್ಯಾಬೇಜನ ಬಾಯಲ್ಲಿ ಬಂದಿರಲಿಲ್ಲ.

ಪ್ರ: ಪಿಂಗಲನ ಛಂದಶ್ಶಾಸ್ತ್ರದಲ್ಲೇ ದ್ವಿಮಾನ ಪದ್ಧತಿ ಇದೆ, ಆದ್ದರಿಂದ ಕಂಪ್ಯೂಟರಿನ ಮೂಲ ನಮ್ಮದು ಎನ್ನಬಹುದೆ? (ಕನ್ನಡ ಉಪನ್ಯಾಸಕರು, ಗಾಂಧಿಬಜಾರ್)

ಉ: ಮೊದಲ ಅರ್ಧ ಹೌದು. ಅದನ್ನು ಗಣಗಳ ಮೇಲೇ ತೋರಿಸೋಣ. ಮೂರಕ್ಷರದ ಪ್ರಸ್ತಾರದಲ್ಲಿ, ಅಂದರೆ ಗುರು-ಲಘುಗಳ ಎಲ್ಲ ಜೋಡಣೆಗಳ ಪಟ್ಟಿಯಲ್ಲಿ, ಎಂಟು ಸಾಲು: ಮ, ಯ, ರ, ಸ, ತ, ಜ, ಭ, ನ. ಪ್ರಸ್ತಾರ ಬರೆಯದೆಯೇ ಆರನೇ ಸಾಲು ಹೇಳಬೇಕಾದರೆ ‘ನಷ್ಟ’ ಎಂಬ ವಿಧಾನವಿದೆ. ಸಂಖ್ಯೆ ಸಮವಾದರೆ ಲಘು ಬರೆದು ಅರ್ಧ ಮಾಡಿ. ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡಿ. 6 ಸಮ: ಲಘು, ಅರ್ಧ 3. ಅದು ಬೆಸ: ಗುರು, 4ರ ಅರ್ಧ 2. ಸಮ: ಲಘು. ಸಿಕ್ಕಿದ್ದು ಲಘು-ಗುರು-ಲಘು, ಜಗಣ. ಐದನೆಯದನ್ನು ಮಾಡಿ, ಗುರು-ಗುರು-ಲಘು ಎಂದು ತಗಣ ಬರುತ್ತದೆ. ದಶಮಾನ ಸಂಖ್ಯೆಯನ್ನು ದ್ವಿಮಾನಕ್ಕೆ ತಿರುಗಿಸುವಾಗ ಇಂದಿನ ವಿದ್ಯಾರ್ಥಿ ಮಾಡುವುದೂ ಅರ್ಧಿಸುತ್ತಾ ಹೋಗುವುದನ್ನೇ. ಎಣಿಕೆ ಒಂದರಿಂದ ಶುರುವಾಗುವುದರಿಂದ ‘ಒಂದು ಕೂಡಿಸು’ ಬಂದಿದೆ ಅಷ್ಟೆ.

ಎರಡನೇ ಅರ್ಧ ಒಪ್ಪಲಾರೆವು. ಯಂತ್ರಕ್ಕೆ ಬಂದ ದಾರಿ ಬೇರೆ. ಲೈಬ್ನಿಟ್ಸ್ 1703ರಲ್ಲಿ ದ್ವಿಮಾನದ ಬಗ್ಗೆ ಬರೆದ. ಜಾರ್ಜ್ ಬೂಲ್ 1847 ಮತ್ತು 1854ರಲ್ಲಿ ತರ್ಕವನ್ನು ಬೀಜಗಣಿತವಾಗಿಸಿದ. 1937ರಲ್ಲಿ ಕ್ಲಾಡ್ ಶ್ಯಾನನ್ ಎಂಬ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಆ ಬೀಜಗಣಿತವನ್ನು, ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ರಿಲೇ ಸ್ವಿಚ್ಚುಗಳಿಗೆ ಹೊಂದಿಸಿ ತೋರಿಸಿದ. ಈ ಸರಪಳಿಯಲ್ಲಿ ಪಿಂಗಲನ ಕೊಂಡಿ ಇಲ್ಲ. ಅವನ ಹಿರಿಮೆಗೆ ಕಂಪ್ಯೂಟರಿನ ಶಿಫಾರಸು ಬೇಕಾಗಿಯೂ ಇಲ್ಲ.

ಪ್ರ: ಹಾಗಾದರೆ ಮೊದಲ ಕಂಪ್ಯೂಟರ್ ಯಾವುದು? (ಹಲವರು)

ಉ: ಪ್ರೋಗ್ರಾಂ ಪ್ರಕಾರ ತಾನೇ ಓಡಿದ್ದು ಎಂದರೆ ಬರ್ಲಿನ್ನಿನಲ್ಲಿ ಕೊನ್ರಾಡ್ ತ್ಸೂಸೆ 1941ರಲ್ಲಿ ರಿಲೇಗಳಿಂದ ಕಟ್ಟಿದ ಜಡ್-3. ವಾಲ್ವ್ (ಹಳೇ ರೇಡಿಯೋಗಳಲ್ಲಿರುತ್ತಿದ್ದ ಗಾಜಿನ ಕೊಳವೆ) ಬಳಸಿದ ದೊಡ್ಡ ಯಂತ್ರ ಎಂದರೆ ಇಂಗ್ಲೆಂಡಿನ ಟಾಮಿ ಫ್ಲವರ್ಸ್ ಕಟ್ಟಿದ ಕೊಲೋಸಸ್, 1944ರ ಆರಂಭದಲ್ಲಿ ಕೆಲಸಕ್ಕಿಳಿಯಿತು; ಗುಟ್ಟಾಗಿದ್ದರಿಂದ 1970ರ ನಂತರವೇ ಲೋಕಕ್ಕೆ ತಿಳಿದದ್ದು. ವಾಲ್ವಿನದೇ ಆಗಿದ್ದು ಯಾವ ಲೆಕ್ಕಕ್ಕೂ ಹೊಂದಿಸಬಹುದಾದದ್ದು ಎಂದರೆ 1946ರಲ್ಲಿ ಅಮೆರಿಕದಲ್ಲಿ ಅನಾವರಣವಾದ ಎನಿಯಾಕ್. ಪ್ರೋಗ್ರಾಮನ್ನು ತನ್ನ ನೆನಪಿನೊಳಗೇ ಇಟ್ಟುಕೊಂಡದ್ದು ಎಂದರೆ 1948ರ ಮ್ಯಾಂಚೆಸ್ಟರ್ ಬೇಬಿ. ವಿಶೇಷಣ ಬದಲಿಸಿದರೆ ಉತ್ತರವೂ ಬದಲು.

ಪ್ರ: ನನ್ನ ಹಳೇ ರೇಡಿಯೋದ ಐದು ವಾಲ್ವ್ ಸಾಕುವುದೇ ಕಷ್ಟವಾಗಿದೆ. ಎನಿಯಾಕ್‌ನಲ್ಲಿ ಸಾವಿರಾರು ವಾಲ್ವ್ ಇದ್ದವಂತೆ. ಅದು ಓಡಿದ್ದಾದರೂ ಹೇಗೆ? (ಎಲೆಕ್ಟ್ರಾನಿಕ್ಸ್ ಹವ್ಯಾಸಿ, ಎಸ್.ಪಿ. ರೋಡ್)

ಉ: 17,468 ವಾಲ್ವ್. ಒಂದು ವಾಲ್ವಿನ ಸರಾಸರಿ ಆಯಸ್ಸು 3,000 ಗಂಟೆ ಎಂದುಕೊಂಡರೆ ಇಡೀ ಯಂತ್ರದಲ್ಲಿ ಹತ್ತು ನಿಮಿಷಕ್ಕೊಂದು ಸಾಯಬೇಕು. ಆಗಿದ್ದು, ಹದಕ್ಕೆ ಬಂದ ಮೇಲೆ, ಎರಡು ದಿನಕ್ಕೊಂದರಂತೆ. ಅಂದರೆ ಒಂದೊಂದು ವಾಲ್ವನ್ನೂ 8 ಲಕ್ಷ ಗಂಟೆಗೂ ಮೀರಿ ಬಾಳುವ ಲೆಕ್ಕಕ್ಕೆ ತಂದರು.

ಎನಿಯಾಕಿನ ಇಂಜಿನಿಯರ್ ಪ್ರೆಸ್ಪರ್ ಎಕರ್ಟ್ ಮಾಡಿದ್ದು ಜಿಪುಣತನ. ವಾಲ್ವಿನ ಬಿಸಿತಂತಿಗೆ ಇರಬೇಕಾದ 6.3 ವೋಲ್ಟಿಗಿಂತ ಕಡಿಮೆ ಕೊಟ್ಟ, ಪ್ರತಿ ಬಿಡಿಭಾಗವನ್ನೂ ಅದರ ಶಕ್ತಿಗಿಂತ ಬಹಳ ಕೆಳಗೆ ದುಡಿಸಿದ. ವಾಲ್ವ್ ಸಾಯುವುದು ಹೆಚ್ಚಾಗಿ ಸ್ವಿಚ್ ಹಾಕುವಾಗ, ಆರಿಸುವಾಗ: ತಣ್ಣಗಿನ ತಂತಿಯ ತಡೆ ಕಡಿಮೆ, ಆದ್ದರಿಂದ ಮೊದಲ ಕ್ಷಣ ಕರೆಂಟು ನುಗ್ಗುತ್ತದೆ, ಹಿಗ್ಗಿ ಕುಗ್ಗಿ ಬೆಸುಗೆಗಳು ಸಡಿಲವಾಗುತ್ತವೆ. ಹಾಗಾಗಿ ಯಂತ್ರವನ್ನು ಆರಿಸದೇ ಇಡತೊಡಗಿದರು. ಫ್ಲವರ್ಸ್ ಕೂಡ ಟೆಲಿಫೋನ್ ಎಕ್ಸ್‌ಚೇಂಜುಗಳ ಅನುಭವದಿಂದ ಇದನ್ನೇ ಹೇಳಿದ್ದ, ನಂಬಿದವರು ಕಡಿಮೆ. ಕೆಟ್ಟ ಭಾಗವನ್ನು ಎಳೆದು ಬೇರೆ ಸಿಕ್ಕಿಸುವಂತೆ ಎನಿಯಾಕನ್ನು ತುಂಡು ತುಂಡಾಗಿ ಕಟ್ಟಿದ್ದರು. ತಂತಿಯ ಹೊದಿಕೆ ಆರಿಸುವಾಗ ಎಕರ್ಟ್ ಹಸಿದ ಇಲಿಗಳ ಮುಂದೆ ಮಾದರಿಗಳನ್ನಿಟ್ಟು, ಅವು ಮುಟ್ಟದ್ದನ್ನು ಖರೀದಿಸಿದ.

ಇಷ್ಟು ವಾಲ್ವ್ ಬೇಕಾದದ್ದಾದರೂ ಯಾಕೆ? ಎನಿಯಾಕ್ ಎಣಿಸುತ್ತಿದ್ದುದು ಹತ್ತರ ಲೆಕ್ಕದಲ್ಲೇ. ಒಂದು ಅಂಕಿಗೆ ಹತ್ತು ಮನೆಯ ಉಂಗುರ, ಬೆಳಗುವ ಮನೆ ಸರಿಯುತ್ತಾ 9 ದಾಟಿದರೆ ಪಕ್ಕದ ಉಂಗುರಕ್ಕೆ ದಶಕದ ಮಿಡಿತ. ಪ್ಯಾಸ್ಕಲನ ಚಕ್ರವೇ ವಾಲ್ವಿನ ವೇಷದಲ್ಲಿ ಬಂದಂತೆ. ಒಂದೊಂದು ಅಂಕಿಗೆ 36 ವಾಲ್ವ್ ತಿನ್ನುತ್ತಿತ್ತು.

ನಿಮ್ಮ ರೇಡಿಯೋಗೂ ಇದೇ ಪಥ್ಯ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಬೇಡಿ. 60 ವಾಟಿನ ಹಳೇ ಮಾದರಿಯ ಬಲ್ಬನ್ನು ಸೀರೀಸಿನಲ್ಲಿ ಹಾಕಿ. ಬಲ್ಬು ಮೊದಲು ಹೊಳೆದು ನಿಧಾನವಾಗಿ ಮಂಕಾದರೆ ಸರಿ. ಹೊಳೆಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಆಗಿದೆ, ಮೊದಲ ಅನುಮಾನ ದೊಡ್ಡ ಫಿಲ್ಟರ್ ಕಂಡೆನ್ಸರಿನ ಮೇಲಿರಲಿ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಎಸಿ-ಡಿಸಿ ಎರಡಕ್ಕೂ ಓಡುವ ಸೆಟ್ಟಾದರೆ ಒಳಗಿನ ಲೋಹದ ಚಾಸಿಗೇ ಕರೆಂಟು ಬಂದಿರಬಹುದು, ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್ ಹೊಡೆಯುತ್ತದೆ. ನಿಮ್ಮ ವಾಲ್ವುಗಳ ಮೇಲೆ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಗುರುತಿದೆಯೇ ನೋಡಿ. ಜಾಲಹಳ್ಳಿಯ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವ್ ಮಾಡತೊಡಗಿತು.

ಪ್ರ: ಕಂಪ್ಯೂಟರ್ ದೋಷಕ್ಕೆ ‘ಬಗ್’ ಎಂಬ ಹೆಸರು ಪತಂಗದಿಂದ ಬಂತೆ? (ಓದುಗರು, ಮಲ್ಲೇಶ್ವರ)

ಉ: ಪತಂಗ ನಿಜ, ಹೆಸರು ಬಂದದ್ದು ಅದರಿಂದಲ್ಲ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್-2 ಯಂತ್ರದ 70ನೇ ರಿಲೇಯಲ್ಲಿ ಸಿಕ್ಕ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದಾರೆ. ಪಕ್ಕದಲ್ಲಿ ಬರೆದ ‘ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು’ ಎಂಬರ್ಥದ ತಮಾಷೆ ಅರ್ಥವಾಗಬೇಕಾದರೆ ಪದ ಮೊದಲೇ ಬಳಕೆಯಲ್ಲಿರಬೇಕಲ್ಲ. ಎಡಿಸನ್ 1878ರಲ್ಲೇ ಬಳಸಿದ್ದ.

ಪ್ರ: ಮೊದಲ ಕಂಪ್ಯೂಟರುಗಳು ಪಾದರಸದಲ್ಲಿ ನೆನಪು ಇಡುತ್ತಿದ್ದವು ಎಂದು ಓದಿದೆ. ದ್ರವದಲ್ಲಿ ಸಂಖ್ಯೆ ಇಡುವುದು ಹೇಗೆ? (ಹತ್ತನೇ ತರಗತಿ ವಿದ್ಯಾರ್ಥಿನಿ, ಆರ್.ಟಿ. ನಗರ)

ಉ: ಇಡುತ್ತಿರಲಿಲ್ಲ ಪುಟ್ಟಿ, ಓಡಿಸುತ್ತಿದ್ದರು. ಅಂಗಡಿಯಿಂದ ತರಬೇಕಾದ ಸಾಮಾನುಗಳನ್ನು ದಾರಿಯುದ್ದಕ್ಕೂ ಗೊಣಗಿಕೊಂಡು ಹೋಗುವ ಮಗುವಿನ ಹಾಗೆ. ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಕಟ್ಟಿ, 1949ರ ಮೇ 6ರಂದು ಮೊದಲ ಲೆಕ್ಕ ಮಾಡಿದ ಎಡ್ಸಾಕ್ ಯಂತ್ರದಲ್ಲಿ ಸುಮಾರು ಒಂದೂವರೆ ಮೀಟರ್ ಉದ್ದದ ಪಾದರಸದ ಕೊಳವೆಗಳಿದ್ದವು. ಒಂದು ತುದಿಯ ಸ್ಫಟಿಕ ವಿದ್ಯುತ್ ಮಿಡಿತವನ್ನು ಶಬ್ದದ ಮಿಡಿತ ಮಾಡಿ ಪಾದರಸದೊಳಗೆ ಕಳಿಸುತ್ತದೆ. ಪಾದರಸದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,450 ಮೀಟರ್. ಆ ತುದಿ ಮುಟ್ಟಲು ಒಂದು ಮಿಲಿಸೆಕೆಂಡು. ಸೆಕೆಂಡಿಗೆ 5 ಲಕ್ಷ ಮಿಡಿತದಂತೆ ಕಳಿಸಿದರೆ ಒಂದು ಸಲಕ್ಕೆ ಐನೂರಕ್ಕೂ ಹೆಚ್ಚು ಮಿಡಿತ ದಾರಿಯಲ್ಲಿರುತ್ತವೆ. ಆ ತುದಿಯ ಸ್ಫಟಿಕ ಅವನ್ನು ಕೇಳಿಸಿಕೊಂಡು ವಿದ್ಯುತ್ತಾಗಿಸಿ, ಬಲಪಡಿಸಿ, ಮತ್ತೆ ಮೊದಲ ತುದಿಗೆ ಕಳಿಸುತ್ತದೆ. ಸುತ್ತುತ್ತಿರುವವರೆಗೆ ನೆನಪು. ನೀರೇ ಯಾಕಾಗಬಾರದು ಎಂದರೆ, ಸ್ಫಟಿಕದಿಂದ ದ್ರವಕ್ಕೆ ದಾಟುವಾಗ ಶಬ್ದದ ಬಹುಪಾಲು ವಾಪಸು ಪುಟಿಯುತ್ತದೆ. ಪಾದರಸ ಸ್ಫಟಿಕಕ್ಕೆ ಚೆನ್ನಾಗಿ ಹೊಂದುತ್ತದೆ. ತೊಂದರೆ ಸೆಕೆಯದು. ಬಿಸಿ ಏರಿದರೆ ವೇಗ ಬದಲಾಗಿ ಮಿಡಿತಗಳು ತಾಳ ತಪ್ಪುತ್ತವೆ, ಆದ್ದರಿಂದ ಕೊಳವೆಗಳ ಶಾಖ ಒಂದೇ ಹದದಲ್ಲಿರಬೇಕು. ಇನ್ನೊಂದು ತೊಂದರೆ ಕಾಯುವುದು: ಬೇಕಾದ ಸಂಖ್ಯೆ ತುದಿಗೆ ಬರುವವರೆಗೆ ಯಂತ್ರ ಸುಮ್ಮನೆ ನಿಲ್ಲಬೇಕು.

ಮ್ಯಾಂಚೆಸ್ಟರಿನವರು ಕಾಯಲೊಲ್ಲದೆ ಟಿವಿ ಪರದೆಯಂಥ ಗಾಜಿನ ಕೊಳವೆಯ ಮೇಲೆ ವಿದ್ಯುತ್ ಚುಕ್ಕೆಗಳನ್ನಿಟ್ಟರು. ಚುಕ್ಕೆ ಕ್ಷಣಾರ್ಧದಲ್ಲಿ ಆರುತ್ತದೆ, ಅಷ್ಟರೊಳಗೆ ಓದಿ ಮತ್ತೆ ಬರೆಯಬೇಕು. ಆ ಬೇಬಿ ಯಂತ್ರದ ನೆನಪು 32 ಸಾಲು, ಸಾಲಿಗೆ 32 ಚುಕ್ಕೆ. 1948ರ ಜೂನ್ 21ರಂದು ಟಾಮ್ ಕಿಲ್‌ಬರ್ನ್ ಬರೆದ 17 ಸೂಚನೆಗಳ ಪ್ರೋಗ್ರಾಂ 2,62,144ರ (ಆ ಸಂಖ್ಯೆಯನ್ನೇ ಬಿಟ್ಟು) ಅತಿ ದೊಡ್ಡ ಅಪವರ್ತನವನ್ನು ಹುಡುಕಿತು. ಭಾಗಿಸುವುದಿರಲಿ, ಕೂಡುವುದೂ ಅದಕ್ಕೆ ಬರುತ್ತಿರಲಿಲ್ಲ, ಬರುತ್ತಿದ್ದುದು ಕಳೆಯುವುದೊಂದೇ. 52 ನಿಮಿಷ ಕಳೆದೂ ಕಳೆದೂ 1,31,072 ಎಂದಿತು. ನೀನಾದರೆ ಬಾಯಲ್ಲೇ ಹೇಳುತ್ತೀಯ. ಸುಲಭದ ಲೆಕ್ಕ ಆರಿಸಿದ್ದು ಅಷ್ಟು ಹೊತ್ತು ಯಂತ್ರ ಎಡವದೆ ನಡೆಯುತ್ತದೆಯೇ ಎಂದು ನೋಡಲು.

ನಮ್ಮ ದೇಶದಲ್ಲೇ ವಿನ್ಯಾಸಗೊಂಡ ಟಿಫ್ರಾಕ್ ಬರುವಷ್ಟರಲ್ಲಿ ಕಾಂತದ ಉಂಗುರಗಳು ಬಂದಿದ್ದವು. ಆರ್. ನರಸಿಂಹನ್ ನೇತೃತ್ವದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಟ್ಟಿ, 1960ರಲ್ಲಿ ಕೆಲಸಕ್ಕೆ ಹಚ್ಚಿದ ಯಂತ್ರವದು. ಒಂದೊಂದೂ 40 ಬಿಟ್ಟಿನ (ಸೊನ್ನೆ-ಒಂದುಗಳ) 2,048 ‘ಪದ’ಗಳಿಗೆ ಜಾಗ, ಬಿಟ್ಟಿಗೊಂದರಂತೆ 81,920 ಉಂಗುರ. ಅಡ್ಡತಂತಿಯಲ್ಲಿ ಅರ್ಧ, ಉದ್ದತಂತಿಯಲ್ಲಿ ಅರ್ಧ ಕರೆಂಟು ಬಿಟ್ಟರೆ ಎರಡೂ ಕೂಡುವ ಜಾಗದ ಉಂಗುರ ಮಾತ್ರ ಹೊರಳುತ್ತದೆ. ಓದಬೇಕಾದರೆ ಸೊನ್ನೆ ಬರೆದು ನೋಡಬೇಕು: ಹೊರಳಿದರೆ ಒಂದಿತ್ತು, ಹೊರಳದಿದ್ದರೆ ಸೊನ್ನೆ. ಓದಿದ್ದೇ ಅಳಿಸಿಹೋಗುವುದರಿಂದ ಕೂಡಲೇ ತಿರುಗಿ ಬರೆಯಬೇಕು. ಕರೆಂಟು ಹೋದರೂ ನೆನಪು ಉಳಿಯುತ್ತದೆ ಎಂಬುದು ಇದರ ದೊಡ್ಡ ಲಾಭ. ಒಟ್ಟು ನೆನಪು 10 ಕಿಲೋಬೈಟು. ಫೋನಿನ ಒಂದು ಫೋಟೋಗೆ ಇಂಥವು ನೂರಾರು ಬೇಕು.

ಪ್ರ: ಬೆಂಗಳೂರಿಗೆ ಇಂಥ ಯಂತ್ರ ಮೊದಲು ಬಂದದ್ದು ಎಲ್ಲಿಗೆ? (ಓದುಗರು, ಯಶವಂತಪುರ)

ಉ: ಟಾಟಾ ಇನ್‌ಸ್ಟಿಟ್ಯೂಟ್ ಎಂದು ಊರವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೆಡಾ ಎಂಬ ಅನಲಾಗ್ ಯಂತ್ರವೊಂದು 1955ರ ಆಸುಪಾಸಿನಲ್ಲಿತ್ತು. ವಿಸ್ಕಾನ್ಸಿನ್ನಿನಿಂದ ಬಂದಿದ್ದ ಪ್ರಾಧ್ಯಾಪಕ ರೈಡೌಟ್ ಅವರ ಹೆಸರು ಅದರೊಳಗೆ ಸೇರಿದೆ. ಮುಂದೆ ಎಷ್ಟೋ ಮಂದಿಗೆ ಕಂಪ್ಯೂಟರ್ ಪಾಠ ಹೇಳಿದ ವಿ. ರಾಜಾರಾಮನ್ ಆಗ ಅಲ್ಲಿ ವಿದ್ಯಾರ್ಥಿ. ಅದರಲ್ಲಿ ಅಂಕಿಯೇ ಇಲ್ಲ, ಆದ್ದರಿಂದ ದಶಕದ ಗೋಳೂ ಇಲ್ಲ. ಸಂಖ್ಯೆಯ ಬದಲು ವೋಲ್ಟೇಜು. ಕೂಡಬೇಕಾದರೆ ಎರಡು ವೋಲ್ಟೇಜನ್ನು ಒಂದು ಆಂಪ್ಲಿಫೈಯರಿಗೆ ಕೊಡುವುದು, ಸಮಾಕಲನಕ್ಕೆ ಕಂಡೆನ್ಸರ್ ತುಂಬಲು ಬಿಡುವುದು. ಸ್ಪ್ರಿಂಗಿಗೆ ಕಟ್ಟಿದ ಭಾರದ ಸಮೀಕರಣಕ್ಕೆ ಎರಡು ಸಮಾಕಲಕ, ಒಂದು ಚಿಹ್ನೆ ಬದಲಿಸುವ ಆಂಪ್ಲಿಫೈಯರು ಸಾಕು. ತಂತಿಯಿಂದ ಸುತ್ತು ಮುಚ್ಚಿದರೆ ಪರದೆಯ ಮೇಲೆ ಅಲೆ ಮೂಡುತ್ತದೆ. ವಾಲ್ವ್ ಬಿಸಿಯಾದಂತೆ ಸೊನ್ನೆಯೇ ಸರಿದುಹೋಗುವುದು ಇಂಥ ಯಂತ್ರಗಳ ರೋಗ. ಮೊದಲು ಬಿಸಿಯಾಗಲು ಬಿಟ್ಟು, ಆಮೇಲೆ ಒಂದೊಂದು ಆಂಪ್ಲಿಫೈಯರಿನ ಸೊನ್ನೆಯನ್ನೂ ತಿರುಪಿನಿಂದ ಕೂರಿಸಿ, ಲೆಕ್ಕವನ್ನು ಬೇಗ ಮುಗಿಸಬೇಕು. ಮೂರಂಕಿಯಷ್ಟು ನಿಖರತೆ ಸಿಕ್ಕರೆ ಪುಣ್ಯ.

ಅದೇ ಆವರಣಕ್ಕೆ 1970ರ ಹೊತ್ತಿಗೆ ಐಬಿಎಂ 360 ಮಾದರಿ 44 ಬಂತು. ಆ ಕಾಲದ ಯಂತ್ರಗಳ ಮುಂದೆ ವಿದ್ಯಾರ್ಥಿಗಳು ನಿಂತಿದ್ದು ಕಬ್ಬನ್‌ಪೇಟೆಯ ಮಗ್ಗದ ಕಾರ್ಡಿನ ದಾಯಾದಿಗಳನ್ನು ಹಿಡಿದು: 80 ಅಂಕಣದ ರಂಧ್ರದ ಕಾರ್ಡು, ಪ್ರೋಗ್ರಾಮಿನ ಸಾಲಿಗೊಂದು. ಕಟ್ಟು ಕೈಜಾರಿ ಚೆಲ್ಲಿದರೆ ಗತಿ ಏನು? ಫೋರ್ಟ್ರಾನ್ ಎಂಬ ಪ್ರೋಗ್ರಾಂ ಭಾಷೆ 73ರಿಂದ 80ರವರೆಗಿನ ಅಂಕಣಗಳನ್ನು ಓದುತ್ತಿರಲಿಲ್ಲ, ಅಲ್ಲಿ ಕ್ರಮಸಂಖ್ಯೆ ಹೊಡೆದಿಡಬಹುದಿತ್ತು. ಸೋಮಾರಿಗಳು ಕಟ್ಟಿನ ಮೇಲಂಚಿಗೆ ಪೆನ್ಸಿಲಿನಿಂದ ಒಂದು ಮೂಲೆಯಿಂದ ಇನ್ನೊಂದಕ್ಕೆ ಓರೆ ಗೆರೆ ಎಳೆಯುತ್ತಿದ್ದರು. ಕಾರ್ಡು ಹಿಂದುಮುಂದಾದರೆ ಗೆರೆ ಮುರಿದು ಕಾಣುತ್ತದೆ.